ತಾನೇ ಬಿಚ್ಚಿಕೊಳ್ಳುವ ಸೆಂಟ್ರಿಂಗ್

ಹೊಳೆಪ್ಪ ಮೇಸ್ತ್ರಿ ಸತ್ತದ್ದು ಬೆನ್ನಿನಿಂದಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಆಗಸ್ಟ್ ತಿಂಗಳಲ್ಲಿ ಕಲ್ಯಾಣಪುರದ ಆ ಬಾಡಿಗೆ ಮನೆಯ ಅಂಗಳಕ್ಕೆ ಬಂದು ನಿಂತವರಲ್ಲಿ ಅರ್ಧ ಜನ, "ಆ ಆಪರೇಶನ್ ಮಾಡಿಸಿಕೊಳ್ಳಬಾರದಿತ್ತು. ಅದೇನೋ ಕರಗುವ ಸಾಮಾನು ಒಳಗೆ ಇಟ್ಟಿದ್ದರಂತೆ, ಅದರದ್ದೇ ವಿಷ ಏರಿರಬೇಕು" ಎಂದು ಕೊಡೆ ಹಿಡಿದುಕೊಂಡೇ ಮಾತಾಡಿದರು. ಹಾಗಲ್ಲ. ಅವನನ್ನು ಒಯ್ದದ್ದು ಇಲಿಜ್ವರ. ಹೊಸ ಪಾಯದ ಹೊಂಡದಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು. ಪಂಪಿನ ಪೈಪು ಸರಿಮಾಡಲು ತಾನೇ ಇಳಿದ. ಪಾದದಲ್ಲೊಂದು ಗಾಯವಿತ್ತು. ಜ್ವರ ಒಂಬತ್ತು ದಿನ. ವಯಸ್ಸು ಐವತ್ತಮೂರು. ಬೆನ್ನು ಕೊನೆಯವರೆಗೂ ನೆಟ್ಟಗೇ ಇತ್ತು. ಅದು ನೆಟ್ಟಗಾದದ್ದು ಹೇಗೆಂದು ಸರಿಯಾಗಿ ಬಲ್ಲವರು ಮೂರು ನಾಲ್ಕು ಮಂದಿ ಮಾತ್ರ. ಬರೆದಿಡದಿದ್ದರೆ ಅಂಗಳದ ಮಾತೇ ನಿಜವಾಗಿ ಉಳಿಯುತ್ತದೆ.

ಹೊಳೆಪ್ಪನ ಊರು ಬಾದಾಮಿಯಿಂದ ಆಚೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೋದರಮಾವನ ಜೊತೆ ಸೇತುವೆ ಕೆಲಸಕ್ಕೆಂದು ಉಡುಪಿಯ ಈ ಕಡೆಗೆ ಬಂದವನು, ಸೇತುವೆ ಮುಗಿದ ಮೇಲೆ ಮಾವ ಹಿಂದಿರುಗಿದರೂ ಇವನು ಉಳಿದ. ಸೆಂಟ್ರಿಂಗ್ ಅವನ ಕೈಗೆ ಹತ್ತಿತು. ಮನೆಯ ತಾರಸಿಗೆ ಕಾಂಕ್ರೀಟು ಸುರಿಯುವ ಮೊದಲು ಅದಕ್ಕೊಂದು ಹಲಗೆಯ ಹಾಸು ಬೇಕು, ಹಾಸಿಗೆ ಕೆಳಗಿನಿಂದ ಕಂಬಗಳ ಆಧಾರ ಬೇಕು. ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವುದು ಅದು; ಗಟ್ಟಿಯಾದ ಮೇಲೆ ಬಿಚ್ಚಿ ಒಯ್ಯುತ್ತಾರೆ. ಗೃಹಪ್ರವೇಶಕ್ಕೆ ಬಂದವರು ಟೈಲ್ಸ್ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಸೆಂಟ್ರಿಂಗ್ ಕಟ್ಟಿದವನ ಕೆಲಸ ಅಲ್ಲಿ ಏನೂ ಉಳಿದಿರುವುದಿಲ್ಲ. ಹೊಳೆಪ್ಪನಿಗೆ ಇದರಲ್ಲೇ ಒಂದು ಹೆಮ್ಮೆ ಇತ್ತು. "ನಮ್ದು ಕಾಣಬಾರದ್ರಿ. ಕಂಡ್ರ ಏನೋ ತಪ್ಪೈತಿ ಅಂತ ಅರ್ಥ" ಎನ್ನುತ್ತಿದ್ದ.

ತನ್ನೂರ ಪಕ್ಕದೂರಿನ ರಾಚವ್ವನನ್ನು ಮದುವೆಯಾಗಿ ಕರೆತಂದ. ಅವಳೂ ಜೊತೆಗೇ ದುಡಿದಳು. ಅವನು ಮೇಲೆ, ಅವಳು ಕೆಳಗೆ, ಹಲಗೆ ಎತ್ತಿಕೊಡುತ್ತಾ. ಇಪ್ಪತ್ತಾರು ವರ್ಷ ಹೀಗೆ. ಮಗಳು ಅಶ್ವಿನಿ ಉಡುಪಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಅವಳು ಹುಟ್ಟಿದ್ದು, ಓದಿದ್ದು ಇಲ್ಲೇ. ಅಪ್ಪನಿಗೆ "ಊಟ ಆಯ್ತಾ ಮಾರಾಯ್ರೆ" ಎಂದು ಕೇಳುವವಳು. ಹೊಳೆಪ್ಪ ಮಾತ್ರ ಮೂವತ್ತು ವರ್ಷವಾದರೂ ಇಲ್ಲಿಯವರ ಹಾಗೆ 'ಉಂಟು' ಎನ್ನಲಿಲ್ಲ, ಮೀನು ತಿನ್ನಲಿಲ್ಲ.

ಮೀನು ತಿನ್ನದ ಈ ಮನುಷ್ಯನಿಗೆ ಸಿಕ್ಕ ಗೆಳೆಯ ಮೀನಿನವನು. ಕಾಪುವಿನ ಧರ್ಮಪಾಲ ಬೆಳಗ್ಗೆ ಮಲ್ಪೆಯ ಬಂದರಿನಲ್ಲಿ ಮೀನು ಏಲಂ ಹಿಡಿದು, ಟೆಂಪೊಗೆ ತುಂಬಿ ಕಾರ್ಕಳದ ಕಡೆಗೆ ಮಾರಿಕೊಂಡು ಹೋಗುವವನು. ಅವರಿಬ್ಬರ ಸ್ನೇಹ ಶುರುವಾದದ್ದು ಜಗಳದಿಂದ. ಧರ್ಮಪಾಲ ಕಾಪುವಿನಲ್ಲಿ ಮನೆ ಕಟ್ಟಿಸಿದಾಗ ತಾರಸಿಯ ಕೆಲಸ ಹೊಳೆಪ್ಪನದು. ಮಳೆ ಬಂದು ಕಾಂಕ್ರೀಟು ಹಾಕುವುದು ಎಂಟು ದಿನ ತಡವಾಯಿತು. ಗೃಹಪ್ರವೇಶದ ಕಾಗದ ಅಷ್ಟರಲ್ಲಿ ಹಂಚಿಯಾಗಿತ್ತು.

"ಮೇಸ್ತ್ರಿ, ನಾಳೆ ಕಂಬ ಬಿಚ್ಚು. ನಾಡಿದ್ದು ಮನೆ ಒಕ್ಕಲು" ಎಂದ ಧರ್ಮಪಾಲ.

"ಹದಿಮೂರು ದಿನ ಆಗ್ಯಾವ್ರಿ. ಇಪ್ಪತ್ತೊಂದು ಆಗಬೇಕು."

"ಎಂತ ಮಾರಾಯ, ಬೇರೆಯವರೆಲ್ಲ ಹತ್ತು ದಿನಕ್ಕೇ ಬಿಚ್ಚುತ್ತಾರಲ್ಲ?"

"ಅವರ ತಾರಸಿ ಕೆಳಗ ನೀವು ಮಲಗ್ರಿ, ಬ್ಯಾಡ ಅನ್ನಂಗಿಲ್ಲ. ನಾ ಕಟ್ಟಿದ್ದರ ಕೆಳಗ ನಿಮ್ಮ ಮಕ್ಕಳು ಮಲಗತಾವು."

ಧರ್ಮಪಾಲ ಬೈದ. ಅವನ ಹೆಂಡತಿ ವಾರಿಜಾ ಬೇಡಿಕೊಂಡಳು. ಹೊಳೆಪ್ಪ ಸುತ್ತಿಗೆಯನ್ನು ಚೀಲದಲ್ಲಿ ಹಾಕಿ ಬೀಡಿ ಹಚ್ಚಿಕೊಂಡು ಹೊರಗೆ ಕೂತ. ಕೊನೆಗೆ ಗೃಹಪ್ರವೇಶ ಕಂಬಗಳ ಕಾಡಿನೊಳಗೇ ನಡೆಯಿತು. ಪುರೋಹಿತರು ಎರಡು ಕಂಬದ ಸಂದಿಯಲ್ಲಿ ಹೋಮಕ್ಕೆ ಕೂತರು. ನೆಂಟರು ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಉಂಡರು; ಬಡಿಸುವವರು ಸಾರಿನ ಬಕೆಟು ಹಿಡಿದು ವಾಲಾಡುತ್ತಾ ನುಸುಳಿದರು. ಧರ್ಮಪಾಲನ ಭಾವನೊಬ್ಬ, "ಇದು ಮನೆಯಾ, ಕಂಬ ನೆಟ್ಟು ಮೀನು ಹಿಡಿಯುವ ಕಟ್ಟೆ ಬಲೆಯಾ?" ಎಂದದ್ದಕ್ಕೆ ಎಲ್ಲರೂ ನಕ್ಕದ್ದೇ ನಕ್ಕದ್ದು; ಆ ಊಟ ಕಾಪುವಿನಲ್ಲಿ ಇಂದಿಗೂ ನೆನಪಿನ ಮಾತಾಗಿದೆ. ಇಪ್ಪತ್ತೊಂದನೆಯ ದಿನ ಹೊಳೆಪ್ಪ ಬಂದು ಬಿಚ್ಚಿದ. ಅಂದಿನಿಂದ ಧರ್ಮಪಾಲನ ಟೆಂಪೊ ಕಾರ್ಕಳಕ್ಕೆ ಹೋಗುವಾಗ, ಆ ಕಡೆ ಕೆಲಸವಿದ್ದ ದಿನವೆಲ್ಲ, ಹೊಳೆಪ್ಪನಿಗೆ ಮುಂದಿನ ಸೀಟು ಕಾಯಂ ಆಯಿತು. ಮೂಗಿಗೆ ಟವೆಲು ಕಟ್ಟಿಕೊಂಡು ಕೂರುತ್ತಿದ್ದ.

ಬೆನ್ನಿನ ನೋವು ಎಷ್ಟು ವರ್ಷದಿಂದ ಇತ್ತೋ ಅವನಿಗೂ ಗೊತ್ತಿರಲಿಲ್ಲ. ಆ ಕೆಲಸದವರಿಗೆ ಬೆನ್ನು ನೋಯುವುದು ಸುದ್ದಿಯಲ್ಲ. ಸುದ್ದಿಯಾದದ್ದು ಕಾಲು. ಮಣಿಪಾಲದಲ್ಲಿ ಮೂರನೇ ಮಹಡಿಗೆ ಏಣಿ ಹತ್ತುತ್ತಿದ್ದಾಗ ಕೆಳಗಿದ್ದ ರಾಚವ್ವ ಕೂಗಿದಳು: "ಏನ್ರೀ, ಚಪ್ಪಲಿ ಬಿತ್ತಲ್ಲ!"

"ಯಾರದು?"

"ನಿಮ್ದ ರೀ!"

ಹೊಳೆಪ್ಪ ಕೆಳಗೆ ನೋಡಿಕೊಂಡ. ಎಡಗಾಲು ಬರಿಗಾಲಾಗಿತ್ತು. ಬಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ. ಅದೇ ವಾರ ಆ ಕಾಲಿನ ಬೆರಳು ಏಣಿಯ ಮೆಟ್ಟಿಲಿಗೆ ಎರಡು ಸಲ ಸಿಕ್ಕಿಕೊಂಡಿತು. ಪಾದ ಎತ್ತೆಂದರೆ ಏಳುತ್ತಿರಲಿಲ್ಲ. ಎತ್ತರದಲ್ಲಿ ಕೆಲಸ ಮಾಡುವವನಿಗೆ ಹೇಳಿದ ಮಾತು ಕೇಳದ ಕಾಲೆಂದರೆ ಏನೆಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ಸಂಜೆ ಮನೆಗೆ ಬಂದು, ತಾನು ಸೆಂಟ್ರಿಂಗ್ ಬಿಟ್ಟರೆ ಬೇರೇನೂ ಕಲಿತಿಲ್ಲವೆಂದು ರಾಚವ್ವನ ಹತ್ತಿರ ಒಂದೇ ಒಂದು ಸಲ ಹೇಳಿದ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು.

ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದದ್ದು ಧರ್ಮಪಾಲ. ಅಲ್ಲಿನ ಬೆನ್ನುಮೂಳೆಯ ಡಾಕ್ಟರ್ ಹರ್ಷಿಣಿ ಮಲ್ಪೆಯ ಮೀನುಗಾರರ ಮನೆಯ ಹುಡುಗಿ, ನಲವತ್ತು ದಾಟಿರಲಿಲ್ಲ. ಸೊಂಟದ ಹತ್ತಿರ ಬೆನ್ನೆಲುಬಿನ ಒಂದು ಮಣಿ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿದೆ, ಕಾಲಿಗೆ ಹೋಗುವ ನರ ಅಲ್ಲಿ ಅದುಮಿಹೋಗಿದೆ ಎಂದು ಚಿತ್ರ ತೋರಿಸಿ ಹೇಳಿದರು. ನರವನ್ನು ಬಿಡಿಸಿ, ಆ ಎರಡು ಮಣಿಗಳನ್ನು ಒಂದಕ್ಕೊಂದು ಬೆಸೆಯಬೇಕು. ಹಿಂದಿನಿಂದ ತಿರುಪು ಹಾಕಿ ಹಿಡಿಸುವುದು. ಮಧ್ಯದಲ್ಲಿ ಒಂದು ಚಿಕ್ಕ ಗೂಡು ಇಟ್ಟು, ಅದರೊಳಗೆ ಅವನದೇ ಸೊಂಟದ ಎಲುಬಿನ ನುಚ್ಚು ತುಂಬುವುದು. ಆ ನುಚ್ಚಿನಿಂದ ಹೊಸ ಮೂಳೆ ಬೆಳೆದು ಮೇಲಿನದಕ್ಕೂ ಕೆಳಗಿನದಕ್ಕೂ ಸೇತುವೆಯಾಗಬೇಕು.

"ಗೂಡಿನಲ್ಲಿ ಎರಡು ಥರ ಉಂಟು" ಎಂದರು ಡಾಕ್ಟರು. "ಲೋಹದ್ದು ತುಂಬಾ ವರ್ಷದಿಂದ ಹಾಕುತ್ತಿದ್ದೇವೆ. ಅದು ಕೊನೆಯವರೆಗೆ ಒಳಗೇ ಇರುತ್ತದೆ. ಇನ್ನೊಂದು ಹೊಸತು, ಒಂದು ಅಧ್ಯಯನದಲ್ಲಿ ಹಾಕುತ್ತಿದ್ದೇವೆ. ಅದು ಎರಡು ವರ್ಷದಲ್ಲಿ ನಿಧಾನಕ್ಕೆ ಕರಗಿ ಮೈಯಲ್ಲೇ ಹೋಗಿಬಿಡುತ್ತದೆ. ಮೂಳೆ ಮಾತ್ರ ಉಳಿಯುತ್ತದೆ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಹೊಳೆಪ್ಪ ತಲೆ ಎತ್ತಿದ. "ಅಂದ್ರ ಸೆಂಟ್ರಿಂಗ್ ಅನ್ರಿ! ತಾನ ಬಿಚ್ಚಿಕೊಳ್ಳೋ ಸೆಂಟ್ರಿಂಗ್!"

ಡಾಕ್ಟರಿಗೆ ನಗು ಬಂತು. "ಹೌದು ಹೊಳೆಪ್ಪನವರೇ, ಸರಿಯಾಗಿ ಹೇಳಿದಿರಿ. ಅದೇ."

"ಜಲ್ಲಿ ನಂದು, ಸೆಂಟ್ರಿಂಗ್ ನಿಮ್ದು."

"ಆದರೆ ಕೇಳಿ. ಅದು ಕರಗಿ ಸಡಿಲಾಗುವ ಮೊದಲು ಮೂಳೆ ಕೂಡಬೇಕು. ಕೂಡದಿದ್ದರೆ ತಿರುಪುಗಳೊಂದೇ ಎಷ್ಟು ದಿನ ಹಿಡಿದಾವು? ಅವೂ ಸಡಿಲಾಗುತ್ತವೆ. ಮತ್ತೊಮ್ಮೆ ತೆರೆಯಬೇಕಾಗಬಹುದು. ಆಗ ಕಾಲಿಗೆ ಶಕ್ತಿ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಲೋಹದ್ದೇ ಬೇಕೆಂದರೆ ಅದನ್ನೇ ಹಾಕುವ, ಒತ್ತಾಯ ಇಲ್ಲ."

ಧರ್ಮಪಾಲ ಲೋಹದ್ದೇ ಇರಲಿ ಎಂದ. ಅಶ್ವಿನಿಯೂ ಅದನ್ನೇ ಅಂದಳು. ಹೊಳೆಪ್ಪ ಕೇಳಲಿಲ್ಲ. ಮುಪ್ಪಾಗುವವರೆಗೆ ಸೆಂಟ್ರಿಂಗ್ ಬಿಚ್ಚದ ಮನೆಯನ್ನು ಹೊತ್ತು ತಿರುಗುವುದೆಂದರೆ ಅವನ ಕಸುಬಿಗೇ ಅವಮಾನ. ಕರಗುವುದನ್ನೇ ಆರಿಸಿದ. ಆ ಕ್ಷಣದಿಂದ ಅವನ ಕಾಲು ಒಂದು ಪಂದ್ಯದ ಮೇಲೆ ನಿಂತಿತು: ಮೂಳೆ ಕೂಡುವುದು ಮೊದಲೋ, ಗೂಡು ಸೋಲುವುದು ಮೊದಲೋ.

ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಮರುದಿನವೇ ಎಬ್ಬಿಸಿ ಸೊಂಟಕ್ಕೆ ಪಟ್ಟಿ ಕಟ್ಟಿ ನಡೆಸಿದರು. ಡೈನಾ ಎಂಬ ವ್ಯಾಯಾಮ ಹೇಳಿಕೊಡುವ ಹುಡುಗಿ ತೋಳು ಹಿಡಿದು ವರಾಂಡದಲ್ಲಿ ಎರಡು ಸುತ್ತು ಹಾಕಿಸಿದಳು. ಹೊಳೆಪ್ಪ ಹಲ್ಲು ಕಚ್ಚಿ ನಡೆದ. ಆಸ್ಪತ್ರೆಯವರ ಮನೆಯಲ್ಲಿ ಆಸ್ಪತ್ರೆಯವರ ಮಾತು. ಬಿಡುವಾಗ, "ದಿನಾ ನಡೀಬೇಕು, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಬೇಕು. ಬಗ್ಗಬಾರದು, ಭಾರ ಎತ್ತಬಾರದು" ಎಂದು ಬರೆದುಕೊಟ್ಟರು.

ಮನೆಗೆ ಬಂದು ಮಲಗಿದವನು ಅಷ್ಟೇ. ಮತ್ತೆ ಏಳಲಿಲ್ಲ.

ಇದನ್ನು ಸೋಮಾರಿತನವೆಂದು ತಿಳಿಯಬಾರದು. ಹೊಳೆಪ್ಪ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗಿದ್ದ ಮನುಷ್ಯ. ಅವನ ಲೆಕ್ಕ ಅವನಿಗಿತ್ತು. ಸುರಿದ ಕಾಂಕ್ರೀಟಿನ ಮೇಲೆ ನಾಯಿ ನಡೆದರೂ ಅವನು ಕಲ್ಲೆತ್ತುತ್ತಿದ್ದ. ಏಣಿಯ ಬಾಯಿಗೆ ಅಡ್ಡ ಹಲಗೆ ಕಟ್ಟಿ, ಮನೆಯ ಯಜಮಾನನನ್ನೂ ಮೇಲೆ ಬಿಡುತ್ತಿರಲಿಲ್ಲ. ಹಸಿಯಿದ್ದಾಗ ಅಲುಗಿದರೆ ಒಳಗೊಳಗೇ ಬಿರುಕು ಬಿಡುತ್ತದೆ, ಅದು ಹೊರಗೆ ಕಾಣುವುದು ವರ್ಷಗಳ ಮೇಲೆ. ಡಾಕ್ಟರೇ ಒಪ್ಪಿಕೊಂಡಿದ್ದರಲ್ಲ, ಇದು ಸೆಂಟ್ರಿಂಗೇ ಎಂದು? ಎರಡು ವರ್ಷಕ್ಕೆ ಬಿಚ್ಚಿಕೊಳ್ಳುವ ಸೆಂಟ್ರಿಂಗಿಗೆ ಇಪ್ಪತ್ತೊಂದು ದಿನ ಎಲ್ಲಿ ಸಾಕು? ನಡೆಯಿರಿ ಎಂದು ಬರೆದದ್ದು ಎಲ್ಲರಿಗೂ ಕೊಡುವ ಕಾಗದ. ವ್ಯಾಯಾಮದ ಆ ಹುಡುಗಿಗೆ ಕಾಂಕ್ರೀಟು ಗೊತ್ತಿಲ್ಲ. ಅಲುಗದೆ ಮಲಗುವುದು ಅವನ ದೃಷ್ಟಿಯಲ್ಲಿ ಕೆಲಸವಾಗಿತ್ತು, ಅದೂ ಕಷ್ಟದ ಕೆಲಸ. ಗೋಡೆಗೆ ಮುಖ ಮಾಡಿ ದಿನವಿಡೀ ಆ ಕೆಲಸ ಮಾಡಿದ.

ರಾಚವ್ವನದೂ ಅದೇ ಕಸುಬು, ಅದೇ ನಂಬಿಕೆ. ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾವಲು ಕೂತಳು. ಕಾಂಕ್ರೀಟಿಗೆ ನೀರು ಹಾಯಿಸುವುದು ಮುಖ್ಯವೆಂದು ದಿನಕ್ಕೆ ಎಂಟು ಚೊಂಬು ನೀರು ಕುಡಿಸಿದಳು. ಡೈನಾ ವಾರಕ್ಕೊಮ್ಮೆ ಫೋನು ಮಾಡಿದರೆ, "ಅಗದೀ ಜೋಪಾನ ಮಾಡಾಕತ್ತೀನ್ರಿ, ಚಲೋ ಅದಾರ" ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಆರನೆಯ ವಾರ ಆಸ್ಪತ್ರೆಗೆ ಹೋಗಬೇಕಿತ್ತು. ಧರ್ಮಪಾಲ ಆಟೋ ತಂದರೆ ಹೊಳೆಪ್ಪ ಮಲಗಿದಲ್ಲಿಂದಲೇ ಕೇಳಿದ: "ಹಸಿ ಕಾಂಕ್ರೀಟ್ ಮ್ಯಾಲೆ ಆಟೋ ಓಡಸ್ತಾರೇನ್ರಿ ಅಣ್ಣಾರ? ಸಂತೆಕಟ್ಟೆ ರಸ್ತಾದಾಗಿನ ತಗ್ಗು ನೋಡೀರಿಲ್ಲೋ?"

ಧರ್ಮಪಾಲನಿಗೆ ಕಾಪುವಿನ ಮನೆಯ ಕಂಬಗಳು ನೆನಪಾದವು. ಈ ಮನುಷ್ಯನ ಕಾಯುವ ಗುಣದಿಂದ ತನ್ನ ಮಕ್ಕಳು ನಿಶ್ಚಿಂತೆಯಿಂದ ಮಲಗುತ್ತಿದ್ದಾರೆ. ಸರಿಯೇ ಇರಬೇಕು ಎಂದುಕೊಂಡ. ಆಟೋ ಹಿಂದಕ್ಕೆ ಕಳಿಸಿದ. ತಿಂಗಳುಗಟ್ಟಲೆ ಎಳನೀರು ತಂದುಕೊಟ್ಟು, "ಮಲಗು ಮೇಸ್ತ್ರಿ, ಏಳಬೇಡ" ಎಂದವನೂ ಅವನೇ. ಆ ಮಾತು ಅವನಿಗೆ ಈಗಲೂ ಚುಚ್ಚುತ್ತದೆ.

ಮೂರು ತಿಂಗಳಿಗೆ ಅಶ್ವಿನಿ ಹಟ ಹಿಡಿದು ಕರೆದೊಯ್ದಳು. ಎಕ್ಸ್‌ರೇ ತೆಗೆದರು. ಡಾಕ್ಟರ್ ಹರ್ಷಿಣಿ ಚಿತ್ರ ನೋಡಿದರು, ಮತ್ತೆ ಹೊಳೆಪ್ಪನ ಕಾಲು ನೋಡಿದರು. ಎಡಗಾಲಿನ ಮೀನಖಂಡ ಬಲಗಾಲಿನದರ ಅರ್ಧವಾಗಿತ್ತು. ಬಲಗಾಲೂ ಮೊದಲಿನದ್ದಲ್ಲ.

"ದಿನಕ್ಕೆ ಎಷ್ಟು ನಡೀತೀರಿ?"

ಹೊಳೆಪ್ಪ ಎದೆಯುಬ್ಬಿಸಿ ಹೇಳಿದ: "ಒಂದ್ ಹೆಜ್ಜೀನೂ ಇಲ್ರಿ ಡಾಕ್ಟ್ರ! ಮೂರು ತಿಂಗಳು ಅಳ್ಳಾಡಿಲ್ಲ. ಕೇಳ್ರಿ ಇಕಿನ್ನ."

"ಹೌದ್ರಿ" ಎಂದಳು ರಾಚವ್ವ. "ನಾನ ಸಾಕ್ಷಿ."

ಶಹಬ್ಬಾಸ್ ಎನ್ನಿಸಿಕೊಳ್ಳಲು ಕಾದಿದ್ದ ಹೊಳೆಪ್ಪ ಡಾಕ್ಟರ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಮತ್ತೆ ಡಾಕ್ಟರ ಕಡೆ ತಿರುಗಿದ.

"ಯಾಕ್ರಿ? ಕೂಡಿಲ್ಲೇನು?"

"ಹೊಸ ಮೂಳೆಯ ಗುರುತೇ ಇಲ್ಲ ಹೊಳೆಪ್ಪನವರೇ."

ಯಾಕೆ ನಡೆಯಲಿಲ್ಲವೆಂದು ಅವರು ಕೇಳಿದರು. ಅವನು ಹೇಳಿದ. ಹಸಿ ಕಾಂಕ್ರೀಟು, ನಾಯಿ, ಬಿರುಕು, ಇಪ್ಪತ್ತೊಂದು ದಿನ, ಎಲ್ಲ. ಕೇಳುತ್ತಾ ಕೇಳುತ್ತಾ ಡಾಕ್ಟರ್ ಹರ್ಷಿಣಿ ಕುರ್ಚಿಯನ್ನು ಎಳೆದುಕೊಂಡು ಅವನ ಎದುರಿಗೇ ಬಂದು ಕೂತರು. "ಅವತ್ತು ನಾನು ಹೌದು ಎಂದದ್ದು ತಪ್ಪಾಯಿತು" ಎಂದರು. "ಅರ್ಧ ಮಾತ್ರ ಹೌದು. ಕಾಂಕ್ರೀಟಿಗೆ ಜೀವ ಇಲ್ಲ. ಬಿಟ್ಟಷ್ಟು ಗಟ್ಟಿಯಾಗುತ್ತದೆ. ಮೂಳೆಗೆ ಜೀವ ಉಂಟು. ಭಾರ ಬಿದ್ದಲ್ಲಿಗೇ ಅದು ಬೆಳೆಯುವುದು. ಬೀಳದಿದ್ದರೆ, ಇಲ್ಲಿ ನನ್ನಿಂದ ಏನೂ ಆಗಬೇಕಾದ್ದಿಲ್ಲ ಅಂತ ಸುಮ್ಮನಾಗುತ್ತದೆ. ಲೋಹದ ಗೂಡು ಎಲ್ಲ ಭಾರವನ್ನೂ ತಾನೇ ಹೊರುತ್ತದೆ. ನಿಮಗೆ ಹಾಕಿದ್ದು ಹಾಗಲ್ಲ, ದಿನಾ ಸ್ವಲ್ಪ ಸ್ವಲ್ಪ ಸೋಲುತ್ತಾ ಭಾರವನ್ನು ಮೂಳೆಗೆ ಬಿಟ್ಟುಕೊಡುವುದಕ್ಕೆ ಮಾಡಿದ್ದು. ನೀವು ಭಾರವನ್ನೇ ಕೊಡದಿದ್ದರೆ ಅದು ಬಿಟ್ಟುಕೊಡುವುದು ಎಂತದನ್ನು?"

"ಅಂದ್ರ ಕರಗಾಕ ಶುರು ಆಗೇತೇನ್ರಿ?"

"ಅದು ನಿಮಗಾಗಿ ಕಾಯುವುದಿಲ್ಲ."

ಹಿಂದಿರುಗುವಾಗ ಧರ್ಮಪಾಲನ ಟೆಂಪೊದಲ್ಲಿ ಹೊಳೆಪ್ಪ ಮೂಗಿಗೆ ಟವೆಲು ಕಟ್ಟಿಕೊಳ್ಳುವುದನ್ನೂ ಮರೆತಿದ್ದ. ಅವನ ಮನಸ್ಸಿನಲ್ಲಿ ಏನಾಗುತ್ತಿತ್ತೆಂದು ಅವನೇ ಆಮೇಲೆ ಹೇಳಿದ್ದುಂಟು. ಕಾಲು ಹೋಗಬಹುದೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡದು, ಮೂವತ್ತು ವರ್ಷ ಯಾವುದನ್ನು ತಪ್ಪದೆ ಮಾಡಿ ಒಳ್ಳೆಯ ಮೇಸ್ತ್ರಿ ಎನಿಸಿಕೊಂಡೆನೋ ಅದನ್ನೇ ಮಾಡಿ ತನ್ನ ಮೈಯನ್ನು ತಾನೇ ಕೆಡಿಸಿಕೊಂಡೆನಲ್ಲ ಎಂಬುದು.

ಮರುದಿನ ಏಳೂವರೆಗೆ ಧರ್ಮಪಾಲನ ಟೆಂಪೊ ಅಂಗಳದಲ್ಲಿ ನಿಂತಿತು. ಹಿಂದೆ ಬಂಗುಡೆ ಮೀನು, ಐಸು.

"ಏಳು ಮೇಸ್ತ್ರಿ. ಆ ಮೋರಿಯವರೆಗೆ ಹೋಗಿ ಬರುವ."

"ಒಳಗ ಬಿರುಕು ಬಿಟ್ರ?"

"ಬಿಟ್ಟರೆ ನಾನು ಸಿಮೆಂಟು ತುಂಬುತ್ತೇನೆ. ಏಳು ಮಾರಾಯ, ನನ್ನ ಬಂಗುಡೆ ಹಾಳಾದರೆ ನಿನಗೇ ತಿನ್ನಿಸುತ್ತೇನೆ."

ಬಾಗಿಲಲ್ಲಿ ರಾಚವ್ವ ಅಡ್ಡ ನಿಂತಳು. "ನಿಧಾನ್ರಿ ಅಣ್ಣಾರ, ನಿಧಾನ..." ಎಂದು ಹೇಳುತ್ತಲೇ ದಾರಿ ಬಿಡಲಿಲ್ಲ. ಕೊನೆಗೆ ಅಶ್ವಿನಿ ಅಮ್ಮನನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದಳು.

ಮೋರಿಗೆ ನಲವತ್ತು ಹೆಜ್ಜೆ. ಹೊಳೆಪ್ಪ ಪ್ರತಿ ಹೆಜ್ಜೆಗೂ ಪಾದದ ಕೆಳಗೆ ಏನೋ ಕುಸಿಯುವುದೆಂದು ಕಾಯುತ್ತಾ ನಡೆದ. ಹಸಿ ತಾರಸಿಯ ಮೇಲೆ ನಡೆಯುವ ಕಳ್ಳನ ಹಾಗೆ ನಡೆದ. ಬರುವಾಗ ಅಂಗಿ ಒದ್ದೆಯಾಗಿತ್ತು. ಮೋರಿಯಿಂದ ಹಿಂದಕ್ಕೆ ಬರಲು ಕಾಲು ಗಂಟೆ ಬೇಕಾಯಿತು.

"ನಾಳೆ ನಲವತ್ತೈದು" ಎಂದ ಧರ್ಮಪಾಲ.

ಹೀಗೆ ತಿಂಗಳುಗಟ್ಟಲೆ. ಮಲ್ಪೆಯಿಂದ ಕಾರ್ಕಳಕ್ಕೆ ಹೋಗುವ ಮೀನು ಮೊದಲು ಉತ್ತರಕ್ಕೆ ಕಲ್ಯಾಣಪುರಕ್ಕೆ ಬಂದು, ಒಂದು ಗಂಟೆ ನಿಂತು, ಆಮೇಲೆ ಹೋಯಿತು. ಕಾರ್ಕಳದ ಗಿರಾಕಿಗಳು, "ಎಂತ ಧರ್ಮಪಾಲಣ್ಣ, ಮೀನಿಗೆ ಈಗ ಮೊದಲು ವಾಕಿಂಗ್ ಮಾಡಿಸುವುದಾ?" ಎಂದು ಚೇಷ್ಟೆ ಮಾಡಿದರು. ಮೋರಿ ದಾಟಿ ಚರ್ಚಿನ ತಿರುವು, ಅಲ್ಲಿಂದ ಸ್ವರ್ಣಾ ನದಿಯ ದಂಡೆ. ಹೊಳೆಪ್ಪ ಮೀಟರು, ಕಿಲೋಮೀಟರು ಎನ್ನುತ್ತಿರಲಿಲ್ಲ. ಎರಡು ಅಡಿಗೆ ಒಂದು ಕಂಬ ಎಂಬ ಲೆಕ್ಕದಲ್ಲಿ, "ಇವತ್ತ ಎಂಟನೂರು ಕಂಬ ಆತ್ರಿ" ಎನ್ನುತ್ತಿದ್ದ. ದಾರಿಯಲ್ಲಿ ಸಿಗುವ ಪ್ರತಿ ತಾರಸಿಗೂ ಅವನದೊಂದು ಮಾತಿತ್ತು: ಇದು ಹತ್ತು ದಿನಕ್ಕೆ ಬಿಚ್ಚಿದ್ದು, ಅದರ ತೊಲೆ ಬಾಗಿದೆ, ಇದನ್ನು ಕಟ್ಟಿದವನು ಮನುಷ್ಯ. ಧರ್ಮಪಾಲನ ಮಾತು ಹೊಳೆಯ ಮೇಲೆ: ಈ ನೀರಿನಲ್ಲಿ ಈಗ ಎಂಥ ಮೀನು ಉಂಟು, ಉಬ್ಬರ ಎಷ್ಟು ಹೊತ್ತಿಗೆ. ಒಬ್ಬನ ಮಾತು ಇನ್ನೊಬ್ಬನಿಗೆ ಬೇಕಿರಲಿಲ್ಲ. ಇಬ್ಬರೂ ಕೇಳಿಸಿಕೊಂಡರು.

ಏಳನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಹೊಳೆಪ್ಪನಿಗೆ ಸೊಂಟದಿಂದ ಕಾಲಿನವರೆಗೆ ಕಾದ ಕಬ್ಬಿಣ ಎಳೆದ ಹಾಗಾಯಿತು. ನಡುದಾರಿಯಲ್ಲಿ ಕೂತುಬಿಟ್ಟ. ಧರ್ಮಪಾಲ ಆಟೋ ಹಿಡಿದು ಮನೆಗೆ ತಂದ. ಮತ್ತೆ ಗೋಡೆಗೆ ಮುಖ. "ಮುಗೀತ್ರಿ. ಬಿರುಕು ಬಿಟ್ಟೈತಿ" ಎಂದವನು ನಾಲ್ಕು ದಿನ ಯಾರು ಕರೆದರೂ ಏಳಲಿಲ್ಲ. ಧರ್ಮಪಾಲ ಬಂದು ಬಾಗಿಲಲ್ಲಿ ನಿಂತು ಹೋದ. ಒತ್ತಾಯಿಸಲು ಅವನಿಗೂ ಧೈರ್ಯವಿರಲಿಲ್ಲ. ನಿಜಕ್ಕೂ ಒಡೆದಿದ್ದರೆ?

ಐದನೆಯ ದಿನ ರಾಚವ್ವ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಮದುವೆಯಾಗಿ ಬಂದಂದಿನಿಂದ ಅವಳು ಒಬ್ಬಳೇ ಎಲ್ಲಿಗೂ ಹೋದದ್ದಿಲ್ಲ. ಮಣಿಪಾಲದಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಹೋಗಿ, ಹೊರರೋಗಿಗಳ ಸಾಲಿನಲ್ಲಿ ಮೂರು ಗಂಟೆ ನಿಂತು ಡಾಕ್ಟರ ಮುಂದೆ ಕೂತಳು. "ರೋಗಿ ಎಲ್ಲಿ?" ಎಂದರೆ, "ಮಲಗ್ಯಾರ. ನಾ ಕೇಳಾಕ ಬಂದೀನ್ರಿ" ಎಂದಳು. ನೋವು ಹೇಗಿದೆ, ಎಲ್ಲಿಂದ ಎಲ್ಲಿಗೆ, ಜ್ವರ ಉಂಟಾ, ಮೂತ್ರ ಸರಿಯಾಗಿ ಹೋಗುತ್ತದಾ ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಸತ್ತಂತಿದ್ದ ನರಕ್ಕೆ ಜೀವ ಬರುವಾಗಲೂ ಹೀಗೆ ಉರಿಯುವುದುಂಟು, ನಾಳೆಯೇ ಕರೆತನ್ನಿ, ನೋಡುತ್ತೇನೆ ಎಂದರು ಡಾಕ್ಟರು. ಮರುದಿನ ನೋಡಿದರು. ತಿರುಪು ಸಡಿಲಾಗಿರಲಿಲ್ಲ. ಚಿತ್ರದಲ್ಲಿ ಮೋಡದ ಚೂರಿನಂಥದ್ದೇನೋ ಇತ್ತು. ಅದು ಮೂಳೆಯೆಂದು ಈಗಲೇ ಹೇಳಲಾರೆ, ವರ್ಷ ತುಂಬಲಿ, ನಡೆಯುವುದು ಬಿಡಬೇಡಿ ಎಂದರು.

ಅಂದಿನಿಂದ ಬೆಳಗ್ಗೆ ಟೆಂಪೊ ಬರುವ ಮೊದಲೇ ರಾಚವ್ವ ಗಂಡನ ಹೊದಿಕೆ ಎಳೆದು ಬಿಸಾಡುತ್ತಿದ್ದಳು.

"ಏಳ್ರಿ. ಮೂಳಿಗೆ ಭಾರ ಬೇಕಂತ."

"ಎಂಟು ಚೊಂಬು ನೀರು ಕುಡಿಸಿದಾಕಿ ನೀನ ಅಲ್ಲೇನು?"

"ಆವಾಗ ತಿಳೀತಿದ್ದಿಲ್ಲ. ಈಗ ತಿಳೀತೈತಿ. ಏಳ್ರಿ!"

ವರ್ಷ ತುಂಬಿದಾಗ ಸ್ಕ್ಯಾನು. ಡಾಕ್ಟರ್ ಹರ್ಷಿಣಿ ಪರದೆಯನ್ನು ಅವನ ಕಡೆಗೇ ತಿರುಗಿಸಿದರು. ಮೇಲೊಂದು ಮಣಿ, ಕೆಳಗೊಂದು ಮಣಿ, ನಡುವೆ ಗೂಡಿನ ಅಂಚು ಸವೆದು ಮಸುಕಾಗಿತ್ತು. ಆ ಮಸುಕಿನ ಒಳಗಿಂದ ಬಿಳಿಯ ಒಂದು ಎಳೆ ಮೇಲಕ್ಕೂ ಕೆಳಕ್ಕೂ ತಾಗಿತ್ತು. ಎಡಕ್ಕೆ ದಪ್ಪ, ಬಲಕ್ಕೆ ತೆಳ್ಳಗೆ, ಒಂದು ಕಡೆ ಇನ್ನೂ ಬಿಟ್ಟಿತ್ತು.

"ಪೂರ್ತಿ ಆಗಲಿಲ್ಲ" ಎಂದರು. "ಆದರೆ ಹಿಡಿದಿದೆ. ಇದು ಬೆಳೆಯುತ್ತದೆ. ಬಲಗಡೆಯದು ಕೊನೆಗೂ ಸ್ವಲ್ಪ ತೆಳ್ಳಗೇ ಉಳಿಯಬಹುದು. ನಿಮ್ಮ ಮೂರು ತಿಂಗಳು ಹೋಯಿತಲ್ಲ, ಅದರ ಗುರುತು."

ಹೊಳೆಪ್ಪ ಬಹಳ ಹೊತ್ತು ನೋಡಿದ. "ಈ ಬಿಳೀದು ನಂದ ಏನ್ರಿ?"

"ನಿಮ್ಮದೇ. ನಾವು ಇಟ್ಟದ್ದಲ್ಲ."

"ಪಾದ ಎತ್ತಿ ನೋಡುವ" ಎಂದರು ಆಮೇಲೆ. ಎಡಪಾದ ಎತ್ತಿದ. ಹೆಬ್ಬೆರಳು ನಡುಗುತ್ತಾ ಮೇಲೆದ್ದು, ಅಲ್ಲೇ ನಿಂತಿತು. ರಾಚವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಧರ್ಮಪಾಲ, "ಇನ್ನು ನನ್ನ ಬಂಗುಡೆಗೆ ಮೋಕ್ಷ" ಎಂದ. ಯಾರೂ ನಗಲಿಲ್ಲವಾದ್ದರಿಂದ ತಾನೇ ನಕ್ಕ.

ಎತ್ತರ ಹತ್ತಲು ಇನ್ನೂ ಆರು ತಿಂಗಳು ಬೇಡವೆಂದಿದ್ದರು. ಹೊಳೆಪ್ಪ ಆರು ತಿಂಗಳ ಮೇಲೆ ಹತ್ತು ದಿನ ಕೂಡಿಸಿ ಕಾದ. ದಿನ ತುಂಬುವ ಮೊದಲು ಬಿಚ್ಚುವ ಜಾತಿ ಅವನದಲ್ಲವಲ್ಲ. ಆ ನಡುವೆ ಕೆಳಗೆ ನಿಂತು ಬೇರೆಯವರಿಗೆ ಹೇಳಿ ಕೆಲಸ ಮಾಡಿಸಬಹುದಿತ್ತು, ಇಬ್ಬರು ಕಂಟ್ರಾಕ್ಟರು ಕರೆದರು ಕೂಡ. ಒಲ್ಲೆ ಎಂದ. ಹತ್ತಲಾರದ ಮೇಸ್ತ್ರಿಯ ಮಾತನ್ನು ಮೇಲಿರುವವನು ಯಾಕೆ ಕೇಳಬೇಕು?

ಮೊದಲ ಕೆಲಸ ಅಜೆಕಾರಿನಲ್ಲಿ ಸಿಕ್ಕಿತು, ಸ್ಟ್ಯಾನಿಸ್ಲಾಸ್ ಎಂಬವರ ಮನೆ. ಧರ್ಮಪಾಲ ಟೆಂಪೊದಲ್ಲಿ ಇಬ್ಬರನ್ನೂ ಕರೆದೊಯ್ದು, ಇಳಿಸಿ, ಕಾರ್ಕಳಕ್ಕೆ ಹೋಗದೆ ಗೇಟಿನ ಹತ್ತಿರವೇ ನಿಂತ. ಗೋಡೆಗೆ ಏಣಿ ಒರಗಿಸಿತ್ತು. ಹೊಳೆಪ್ಪ ಅದರ ಬುಡದಲ್ಲಿ ನಿಂತು ಮೇಲೆ ನೋಡಿದ. ಎರಡು ಕೈಯಿಂದ ಹಿಡಿದ. ಬಲಗಾಲು ಇಡಲು ಹೋದ.

"ಎಡಗಾಲು ಮೊದಲ ಇಡ್ರಿ" ಎಂದಳು ರಾಚವ್ವ, ಹಿಂದಿನಿಂದ.

ಅವನು ತಿರುಗಿ ಅವಳನ್ನು ನೋಡಿದ. ಬಲಗಾಲನ್ನು ನೆಲಕ್ಕೆ ತಂದ. ಎಡಪಾದ ಎತ್ತಿದ. ಅದು ಎದ್ದಿತು, ಮೆಟ್ಟಿಲಿಗೆ ಬೆರಳು ಸಿಕ್ಕದೆ ಸರಿಯಾಗಿ ಹೋಗಿ ಕೂತಿತು. ಅದರ ಮೇಲೆ ಮೈಭಾರವನ್ನೆಲ್ಲ ಹಾಕಿ ಒಂದು ಕ್ಷಣ ನಿಂತ. ಆಮೇಲೆ ಹತ್ತಿದ. ನಿಧಾನಕ್ಕೆ, ಪ್ರತಿ ಮೆಟ್ಟಿಲಲ್ಲೂ ಎಡಗಾಲನ್ನು ಕಣ್ಣಿಂದ ನೋಡಿಕೊಂಡು. ಹದಿನಾಲ್ಕು ಮೆಟ್ಟಿಲು. ಕೊನೆಯ ಮೂರರಲ್ಲಿ ನೋಡಲಿಲ್ಲ.

ಗೋಡೆಯ ಮೇಲೆ ಕಾಲು ಅಗಲಿಸಿ ನಿಂತು ಕೆಳಗೆ ಬಗ್ಗಿ ನೋಡಿದರೆ, ರಾಚವ್ವ ಬಾಯಿ ತೆರೆದು ಹಾಗೇ ನಿಂತಿದ್ದಳು. ಟೆಂಪೊದ ಹಿಂದಿನಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು. ಧರ್ಮಪಾಲನಿಗೆ ಆ ಹೊತ್ತಿನಲ್ಲಿ ಮೀನಿನ ನೆನಪಿರಲಿಲ್ಲ.

"ಏನ್ ನೋಡ್ತಿ?" ಎಂದ ಹೊಳೆಪ್ಪ ಮೇಲಿಂದ. "ಹೊತ್ತಾತು. ಹಲಗಿ ಕೊಡು."

ಅವಳು ಸೆರಗು ಸಿಕ್ಕಿಸಿ, ಮೊದಲ ಹಲಗೆಯನ್ನು ಎತ್ತಿ ಮೇಲಕ್ಕೆ ಚಾಚಿದಳು.